ನನ್ನ ದನಿಯಲ್ಲೇ ನನ್ನನ್ನು ತಿದ್ದಿದವರು

ಹೋದ ವಾರ ನಮ್ಮ ಶಾಲೆಯ ಬಾಗಿಲು, ಕಿಟಕಿಗಳಿಗೆ ಬಣ್ಣ ಹೊಡೆಸಿದರು. ನರಸಿಂಹರಾಜಪುರದ ಈ ಶಾಲೆಗೆ ನಾನು ಬಂದು ಮೂರು ವರ್ಷ ದಾಟಿತು, ಹೊಸ ಬಣ್ಣ ಕಂಡದ್ದು ಇದೇ ಮೊದಲು. ಪೇಂಟರ್ ಡಬ್ಬಿಯ ಮುಚ್ಚಳವನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿ ಒಂದಿಷ್ಟು ಥಿನ್ನರ್ ಸುರಿದ. ಒಂದನೇ ತರಗತಿಯ ಮಕ್ಕಳು ಮೂಗು ಹಿಡಿದುಕೊಂಡು "ಇಶ್ಶೀ" ಎನ್ನುತ್ತ ಅಂಗಳಕ್ಕೆ ಓಡಿದವು. ನಾನು ಓಡಲಿಲ್ಲ. ಆ ಘಾಟು ಮೂಗಿಗೆ ಹೊಡೆದದ್ದೇ ತಡ, ನಾನು ಜಯಪುರದ ಬಸ್‌ಸ್ಟ್ಯಾಂಡಿನ ಪಕ್ಕದ ಒಂದು ಮೊಬೈಲ್ ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದೆ...

ಆ ಅಂಗಡಿಯವರನ್ನು ನಾನು ಅಣ್ಣ ಎಂದೇ ಕರೆಯುತ್ತಿದ್ದೆ. ಒಡಹುಟ್ಟಿದವರಲ್ಲ, ನೆಂಟರೂ ಅಲ್ಲ. ಐವತ್ತು ದಾಟಿದ ಮನುಷ್ಯ. ಮೊಬೈಲ್ ಬರುವ ಮುಂಚೆ ಅದೇ ಅಂಗಡಿಯಲ್ಲಿ ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಿದ್ದರಂತೆ. ನಮ್ಮ ಕಡೆ ಮಳೆಗಾಲದಲ್ಲಿ ನೆನೆಯದ ಫೋನಿಲ್ಲ. ಬಸರೀಕಟ್ಟೆ ಕಡೆಯಿಂದ ಜೀಪಿನಲ್ಲಿ ಬರುವ ತೋಟದ ಕೆಲಸದವರು ನೀರು ಕುಡಿದ ಫೋನನ್ನು ಅಕ್ಕಿ ಡಬ್ಬಿಯೊಳಗೆ ಹುಗಿದುಕೊಂಡು ತರುತ್ತಿದ್ದರು. ಅಕ್ಕಿ ನೀರು ಹೀರುತ್ತದೆ ಎಂದು ಯಾರೋ ಹೇಳಿಬಿಟ್ಟಿದ್ದರು. ಅಣ್ಣ ಡಬ್ಬಿಯಲ್ಲಿ ಕೈಯಾಡಿಸಿ, ಫೋನು ಹುಡುಕಿ ತೆಗೆದು, ಮುಖದಲ್ಲಿ ಒಂದಿಷ್ಟೂ ನಗು ತೋರಿಸದೆ, "ಅರ್ಧ ಬೆಂದಿದೆ ಮಾರಾಯ. ಇನ್ನೊಂದು ಕುದಿ ಬರ್ಲಿಕ್ಕೆ ಬಿಡ್ಬೇಕಿತ್ತು" ಎನ್ನುತ್ತಿದ್ದರು. ಆಮೇಲೆ ಅದನ್ನು ಬಿಚ್ಚಿ, ಹಲ್ಲುಜ್ಜುವ ಹಳೇ ಬ್ರಶ್ಶನ್ನು ಥಿನ್ನರಿನಲ್ಲಿ ಅದ್ದಿ, ಮಗುವಿನ ಕಿವಿ ಒರೆಸುವ ಹಾಗೆ ಮೆಲ್ಲಗೆ ಬೋರ್ಡು ಉಜ್ಜುತ್ತಿದ್ದರು.

ಇದಲ್ಲದೆ ಅವರಿಗೆ ಇನ್ನೊಂದು ಕೆಲಸವಿತ್ತು. ಮೈಕು ಕಟ್ಟಿಕೊಂಡು ಊರೂರು ಸುತ್ತುವ ಪ್ರಚಾರದ ಜೀಪುಗಳಿಗೆ ದನಿ ತಯಾರು ಮಾಡಿಕೊಡುವುದು. ವಾಲಿಬಾಲ್ ಪಂದ್ಯ, ಉಚಿತ ಕಣ್ಣಿನ ತಪಾಸಣೆ, ಹೊಸ ಬಟ್ಟೆ ಅಂಗಡಿ... ಹೇಳುವವರು ಬಂದು ಮೈಕಿನ ಮುಂದೆ ಹೇಳಿ ಹೋಗುತ್ತಿದ್ದರು. ಅವರು ಹೋದಮೇಲೆ ಅಣ್ಣ ಹಳೇ ಕಂಪ್ಯೂಟರಿನ ಮುಂದೆ ಹೆಡ್‌ಫೋನ್ ಹಾಕಿ ಕೂತು, ಕೆಮ್ಮಿದ್ದನ್ನು ಕತ್ತರಿಸಿ, ತಡವರಿಸಿದ್ದನ್ನು ಕತ್ತರಿಸಿ, ಎಡವಿದ ಕಡೆಗೆ ಅದೇ ಮನುಷ್ಯ ಬೇರೆ ಕಡೆ ಸರಿಯಾಗಿ ಹೇಳಿದ್ದನ್ನು ತಂದು ಕೂರಿಸುತ್ತಿದ್ದರು. ಜೀಪು ಹೊರಟ ಮೇಲೆ ಹೇಳಿದವನೇ ರಸ್ತೆಬದಿ ನಿಂತು, "ನಾನು ಇಷ್ಟು ಚೆಂದ ಮಾತಾಡಿದ್ನಾ?" ಎಂದು ಬಾಯಿಬಿಟ್ಟು ಕೇಳುತ್ತಿದ್ದ. ಅಣ್ಣ ಹೌದು ಎಂದು ತಲೆಯಾಡಿಸುತ್ತಿದ್ದರು.

ಆಗ ನಾನು ಜಯಪುರದ ಹತ್ತಿರದ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಅತಿಥಿ ಎಂದರೆ ಗೊತ್ತಲ್ಲ, ಮನೆಯವರು ಹೊರಡಿ ಎಂದಾಗ ಹೊರಡಬೇಕು. ಏಳು ವರ್ಷ ಅಲ್ಲೇ ಕನ್ನಡ ಕಲಿಸಿದ್ದೆ. ಆ ವರ್ಷ ಒಂದನೇ ತರಗತಿಗೆ ಇಂಗ್ಲಿಷ್ ಮೀಡಿಯಂ ಬರುತ್ತದೆ ಎಂದಾಯಿತು. ಹೆಡ್ಮಾಷ್ಟ್ರು ನನ್ನನ್ನು ಕರೆದು, ಇಂಗ್ಲಿಷಿನಲ್ಲಿ ಹತ್ತು ನಿಮಿಷ ಪಾಠ ಮಾಡಿ ರೆಕಾರ್ಡು ಮಾಡಿ ಶಿಕ್ಷಣ ಇಲಾಖೆಯ ಕಚೇರಿಗೆ ಕಳಿಸಬೇಕು, ನಮ್ಮ ನೆಟ್‌ವರ್ಕಿಗೆ ವಿಡಿಯೋ ಹೋಗುವುದಿಲ್ಲ, ದನಿ ಸಾಕಂತೆ, ಎಂದರು. ಅವರಿಗೆ ಒಪ್ಪಿಗೆಯಾದರೆ ಆ ತರಗತಿ ನನಗೆ. ಇಲ್ಲದಿದ್ದರೆ ಬೇರೆಯವರು ಬರುತ್ತಾರೆ, ನಾನು ಮನೆಗೆ. ಎರಡು ತಿಂಗಳು ಸಮಯ.

ಇಂಗ್ಲಿಷನ್ನು ನಾನು ಪರೀಕ್ಷೆಯಲ್ಲಿ ಬರೆದು ಪಾಸಾದವಳೇ ಹೊರತು ಬಾಯಲ್ಲಿ ಆಡಿದವಳಲ್ಲ. ಕೊಪ್ಪದ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹೋಗೋಣವೆಂದರೆ ಅಲ್ಲಿ ನನ್ನ ಹಳೇ ವಿದ್ಯಾರ್ಥಿಗಳೇ ಬೆಂಚಿನ ಮೇಲೆ ಕೂತಿದ್ದರು. ಅಯ್ಯೋ, ಅವರ ಪಕ್ಕ ಹೋಗಿ ಕೂರುವುದಾ? ಕಡೆಗೆ ಫೋನಿನಲ್ಲಿ ಒಂದು ಆಪ್ ಹಾಕಿಕೊಂಡೆ. ಅದು ಒಂದು ವಾಕ್ಯ ತೋರಿಸುತ್ತದೆ, ನಾವು ಓದಬೇಕು, ಸರಿಯಾದರೆ ಹಸಿರು, ತಪ್ಪಾದರೆ ಕೆಂಪು. ನನಗೆ ಬರೀ ಕೆಂಪು. ಅದರ ಜೊತೆಗೆ ಟೊಂಯ್ ಎಂದು ಒಂದು ಸದ್ದು. ಮೂರು ದಿನ ಓದಿದೆ, ಮೂರು ದಿನವೂ ಟೊಂಯ್. ಫೋನು ಹಿಂದಿನ ವಾರ ನೆನೆದಿತ್ತು, ಮೈಕು ಹಾಳಾಗಿರಬೇಕು ಎಂದುಕೊಂಡು ರಿಪೇರಿಗೆ ತೆಗೆದುಕೊಂಡು ಹೋದೆ.

ಅಣ್ಣ ಫೋನು ಬಿಚ್ಚಿ ನೋಡಿದರು. ಮುಚ್ಚಿದರು. ಏನೋ ರೆಕಾರ್ಡು ಮಾಡಿ ಕೇಳಿದರು. ಆಮೇಲೆ ನನ್ನ ಮುಖ ನೋಡದೆ, "ಮೈಕು ಸರಿ ಇದೆ ಅಕ್ಕೋರೆ" ಎಂದರು. ನಮ್ಮ ಕಡೆ ಹೆಣ್ಣು ಟೀಚರಿಗೆ ಅಕ್ಕೋರು ಎನ್ನುವುದು.

"ಹಾಗಾದ್ರೆ ಹಾಳಾದದ್ದು ನಾನಾ?" ಎಂದೆ. ತಮಾಷೆಗೆಂದೇ ಹೇಳಲು ಹೊರಟದ್ದು, ದನಿ ಮುರಿದುಹೋಯಿತು. ಬಸ್ಸಿಗೆ ಕಾಯುವವರ ಎದುರೇ ಕಣ್ಣೀರು ಬಂತು. ಥೂ, ಎಂಥ ನಾಚಿಕೆಗೇಡು! ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ನಡೆದದ್ದನ್ನೆಲ್ಲ ಹೇಳಿದೆ. ಕಚೇರಿ, ಹತ್ತು ನಿಮಿಷ, ಎರಡು ತಿಂಗಳು, ಎಲ್ಲ.

ಅವರು ಆ ಆಪನ್ನು ಒಂದೆರಡು ಸಲ ಒತ್ತಿ ಆ ಸದ್ದು ಕೇಳಿದರು. "ಇದು ಎಂತ ಮಾರಾಯ್ರೆ, ಬರೀ ಬೈತದೆ. ಬೈಲಿಕ್ಕೆ ನಾವೆಲ್ಲ ಊರಲ್ಲಿ ಇಲ್ವಾ?" ಎಂದರು. ಆಮೇಲೆ, ದಿನಾ ಸಂಜೆ ಒಂದು ಪುಟ ಓದಿ ತಮ್ಮ ಫೋನಿಗೆ ಕಳಿಸಿ ಎಂದರು. ನಿಮಗೆ ಇಂಗ್ಲಿಷ್ ಬರುತ್ತದಾ ಎಂದು ಕೇಳಿದೆ. "ಕೇಳ್ಲಿಕ್ಕೆ ಬರ್ತದೆ" ಎಂದರು. ರಿಪೇರಿಯಾದ ರೇಡಿಯೋಗಳನ್ನು ಪರೀಕ್ಷೆ ಮಾಡುತ್ತ ಇಪ್ಪತ್ತೈದು ವರ್ಷ ದೂರದ ಸ್ಟೇಷನ್ನುಗಳ ಇಂಗ್ಲಿಷ್ ವಾರ್ತೆ ಕೇಳಿದ ಕಿವಿ ಅದು. ಆದರೆ ಬಾಯಿಬಿಟ್ಟು ಒಂದು ಇಂಗ್ಲಿಷ್ ಮಾತನ್ನೂ ಅವರು ಆಡಿದ್ದನ್ನು ನಾನು ಕೇಳಿರಲಿಲ್ಲ. ಟೂರಿಸ್ಟುಗಳು ಬಂದು ಇಂಗ್ಲಿಷಿನಲ್ಲಿ ಚಾರ್ಜರ್ ಕೇಳಿದರೆ ಸುಮ್ಮನೆ ಚಾರ್ಜರ್ ತೆಗೆದುಕೊಡುತ್ತಿದ್ದರು.

ಕಳಿಸಿದೆ. ಮಾರನೇ ದಿನ ಬೆಳಿಗ್ಗೆ ಶಾಲೆಗೆ ಹೊರಡುವ ಹೊತ್ತಿಗೆ ಒಂದು ಆಡಿಯೋ ಬಂತು. ಕೇಳಿದರೆ ನನ್ನದೇ ದನಿ. ಒಂದು ಪುಟ ಓದಿದ್ದೆನಲ್ಲ, ಅದರಲ್ಲಿ ಅಲ್ಲೊಂದು ಇಲ್ಲೊಂದು ಮಾತು ಮಾತ್ರ ಇತ್ತು, ಮಧ್ಯೆ ಎಲ್ಲ ಖಾಲಿ, ನಿಶ್ಶಬ್ದ. ಒಂದು ಮಾತು, ಉದ್ದ ಮೌನ, ಮತ್ತೆರಡು ಮಾತು, ಮೌನ. ಫೋನು ಕೆಟ್ಟಿತೆಂದು ಮತ್ತೆ ಅಂಗಡಿಗೆ ಓಡಿದೆ. ನನ್ನ ಬುದ್ಧಿ ನೋಡಿ, ಏನಾದರೂ ಫೋನಿನ ಮೇಲೇ ಹಾಕುವುದು! ಅಣ್ಣ ನಕ್ಕು, "ಇದ್ದದ್ದೆಲ್ಲ ನೀವು ಸರಿ ಹೇಳಿದ್ದು. ಖಾಲಿ ಇರೋ ಕಡೆ ಇವತ್ತು ನೀವೇ ಹೇಳಿ" ಎಂದರು. ಅಷ್ಟೇ. ಎಲ್ಲಿ ತಪ್ಪಿತು, ಏನು ತಪ್ಪಿತು ಎಂದು ಒಂದು ಮಾತಿಲ್ಲ.

ದಿನ ಕಳೆದ ಹಾಗೆ ಆ ಖಾಲಿ ಜಾಗಗಳು ತುಂಬತೊಡಗಿದವು. ನಾನು ಸೋಮವಾರ ಎಡವಿದ ಮಾತನ್ನು ಗುರುವಾರ ಬೇರೆ ಪುಟದಲ್ಲಿ ಅಕಸ್ಮಾತ್ ಸರಿಯಾಗಿ ಹೇಳಿರುತ್ತಿದ್ದೆ. ಅದನ್ನು ಹುಡುಕಿ, ಕತ್ತರಿಸಿ, ಸೋಮವಾರದ ಪುಟದಲ್ಲಿ ತಂದು ಕೂರಿಸಿ ಮತ್ತೆ ಕಳಿಸುತ್ತಿದ್ದರು. ನನ್ನ ತಪ್ಪಿಗೆ ನನ್ನದೇ ಸರಿಯನ್ನು ತೇಪೆ ಹಾಕುತ್ತಿದ್ದರು. ಒಂದು ದಿನ ಹೋದಾಗ ಕಂಪ್ಯೂಟರಿನ ಪಕ್ಕ ಒಂದು ಇನ್ನೂರು ಪುಟದ ನೋಟ್‌ಬುಕ್ಕು ಕಂಡಿತು. ಮೇಲೆ "ಅಕ್ಕೋರ ಸರಿ" ಎಂದು ಬರೆದಿತ್ತು. ಒಳಗೆ ಕನ್ನಡದ ಅಕ್ಷರದಲ್ಲಿ ಇಂಗ್ಲಿಷ್ ಪದಗಳ ಸಾಲು. ಪ್ರತಿಯೊಂದರ ಮುಂದೆ, ನಾನು ಅದನ್ನು ಯಾವ ದಿನ, ಎಷ್ಟನೇ ನಿಮಿಷದಲ್ಲಿ ಸರಿಯಾಗಿ ಹೇಳಿದೆ ಎಂಬ ಗುರುತು. ತಪ್ಪುಗಳ ಪಟ್ಟಿ ಎಲ್ಲಿ ಎಂದು ಕೇಳಿದೆ.

"ಅದನ್ನ ಎಂತಕ್ಕೆ ಬರ್ಕೊಳ್ಳೋದು? ಅದು ತಾನಾಗೇ ನೆನಪಿರ್ತದೆ" ಎಂದರು.

ನಾನು ಓದುವ ಒಂದು ಪುಟ ಎರಡು ನಿಮಿಷ. ಅದನ್ನು ಸರಿಮಾಡಲು ಅವರಿಗೆ ಎಷ್ಟು ಹೊತ್ತು ಬೇಕಾಗುತ್ತಿತ್ತು ಎಂದು ನಾನು ಆಗ ಕೇಳಲೇ ಇಲ್ಲ. ಗರಜು ನನ್ನದು, ಯೋಚನೆಯೂ ನನ್ನದೇ. ಇಪ್ಪತ್ತು ಚಿಲ್ಲರೆ ದಿನವಾಗುವಾಗ ನಮ್ಮ ಪಾಠದ ಪುಟಗಳು ಹೆಚ್ಚುಕಡಿಮೆ ತುಂಬಿದ್ದವು. ಆ ಆಡಿಯೋಗಳನ್ನು ಕೇಳಿದರೆ ಯಾರೋ ಓದಿದ, ಓಡಾಡಿದ, ಧೈರ್ಯದ ಹೆಂಗಸು ಮಾತಾಡಿದ ಹಾಗಿರುತ್ತಿತ್ತು. ಆದರೆ ಫೋನು ಪಕ್ಕಕ್ಕಿಟ್ಟು ನಾನೇ ಹೇಳಹೊರಟರೆ ನಾಲಗೆ ಹಳೇ ದಾರಿಯನ್ನೇ ಹಿಡಿಯುತ್ತಿತ್ತು. ಡಾಗು, ಕ್ಯಾಟು, ಬುಕ್ಕು. ವಾಕ್ಯ ಅರ್ಧಕ್ಕೇ ನಿಲ್ಲುತ್ತಿತ್ತು.

ಕಚೇರಿಗೆ ಕಳಿಸಲು ನಾಲ್ಕು ದಿನ ಉಳಿದಾಗ ನಾನು ಅಂಗಡಿಗೆ ಹೋಗಿ, ಬಾಯಿಗೆ ಬಂದದ್ದನ್ನು ಕೇಳಿಯೇಬಿಟ್ಟೆ. ಅಣ್ಣ, ಆ ತುಂಡುಗಳನ್ನೆಲ್ಲ ಸೇರಿಸಿ ಒಂದು ಹತ್ತು ನಿಮಿಷದ್ದು ಮಾಡಿಕೊಡಿ, ಅದನ್ನೇ ಕಳಿಸುತ್ತೇನೆ. ದನಿ ನನ್ನದೇ ಅಲ್ಲವಾ? ಯಾರದ್ದೋ ಕದ್ದದ್ದಲ್ಲವಲ್ಲ?

ಅವರು ಬ್ರಶ್ಶು ಕೆಳಗಿಟ್ಟರು. "ದನಿ ನಿಮ್ಮದೇ ಅಕ್ಕೋರೆ. ಕತ್ತರಿ ನನ್ನದು. ನಾಳೆ ಮಕ್ಕಳೆದುರು ಕತ್ತರಿ ನಿಲ್ಲೋದಿಲ್ಲ, ನೀವು ನಿಲ್ಬೇಕು. ಹೇಗಿದೆಯೋ ಹಾಗೇ ಕಳಿಸಿ."

"ಹಾಗೇ ಕಳಿಸಿದ್ರೆ ಕೆಲಸ ಹೋಗ್ತದೆ."

"ಹೋದ್ರೆ ಮುಂದಿನ ವರ್ಷ ಬರ್ತದೆ. ನಾನಿದ್ದೇನಲ್ಲ, ಬಿಡೋದಿಲ್ಲ."

ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ನಮ್ಮ ಮನೆಯವರಿಗೆಲ್ಲ ಗೊತ್ತು. ಅವತ್ತು ಅದು ನೆತ್ತಿಗೇರಿತು. "ನಿಮಗೇನು, ನಿಮ್ಮ ಅಂಗಡಿ ನಿಮ್ಮದು. ಒಂದು ವಾಕ್ಯ ಇಂಗ್ಲಿಷ್ ಬಾಯಿಬಿಟ್ಟು ಹೇಳುವ ಧೈರ್ಯ ಇಲ್ಲದವರು ನನಗೆ ಧೈರ್ಯ ಹೇಳ್ತೀರಾ?" ಎಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಗೆ ವರ್ಷ ವರ್ಷ ಬರೆಸುವವಳು ನಾನು! ಅಣ್ಣ ತುಸು ಹೊತ್ತು ಕೈಯಲ್ಲಿದ್ದ ಬೋರ್ಡು ನೋಡಿದರು, ಆಮೇಲೆ ಬ್ರಶ್ಶು ತೆಗೆದುಕೊಂಡು ಉಜ್ಜತೊಡಗಿದರು. ನಾನು ಎದ್ದು ಬಸ್ಸು ಹತ್ತಿದೆ.

ಅವರು ಕೊಡದಿದ್ದರೆ ಬೇರೆಯವರಿಲ್ಲವೇ? ಬೆಳಗಿನ ಆಡಿಯೋಗಳೆಲ್ಲ ನನ್ನ ಫೋನಿನಲ್ಲೇ ಇದ್ದವು. ಕೊಪ್ಪದಲ್ಲಿ ಮದುವೆ ವಿಡಿಯೋ ಮಾಡುವ ಒಂದು ಸ್ಟುಡಿಯೋಗೆ ಹೋಗಿ, ಖಾಲಿ ಜಾಗ ತೆಗೆಸಿ, ತುಂಡುಗಳನ್ನು ಅಂಟಿಸಿಕೊಂಡು ಬಂದೆ. ಕಳಿಸಿದೆ. ಹದಿನೈದು ದಿನಕ್ಕೆ ಒಪ್ಪಿಗೆ ಬಂತು. ಹೆಡ್ಮಾಷ್ಟ್ರು ಖುಷಿಯಲ್ಲಿ ಆ ಆಡಿಯೋವನ್ನು ಪೋಷಕರ ವಾಟ್ಸಾಪ್ ಗ್ರೂಪಿಗೆ ಹಾಕಿ, ನೋಡಿ ನಮ್ಮ ಅಕ್ಕೋರ ಇಂಗ್ಲಿಷು ಎಂದು ಬರೆದರು. ಚಪ್ಪಾಳೆಯ ಚಿತ್ರಗಳು ಸಾಲುಸಾಲಾಗಿ ಬಂದವು. ಅಂಗಡಿಯ ಮುಂದೆ ಹೋಗುವಾಗ ನಾನು ಕೊಡೆಯನ್ನು ಆ ಬದಿಗೇ ಓರೆ ಮಾಡಿ ಹಿಡಿಯುತ್ತಿದ್ದೆ, ಮಳೆ ಇರಲಿ ಬಿಡಲಿ.

ತರಗತಿ ಶುರುವಾಗಿ ಎರಡನೇ ವಾರ. ಮುಂದಿನ ಸಾಲಿನ ಒಂದು ಪುಟ್ಟ ಹುಡುಗಿ, ಎರಡು ಜಡೆಯದ್ದು, ನಾನು ತೊದಲುತ್ತ ಪಾಠ ಮಾಡುವುದನ್ನು ಬಹಳ ಹೊತ್ತು ನೋಡಿ, ಎದ್ದು ನಿಂತು ಕೇಳಿತು: "ಅಕ್ಕೋರೆ, ಫೋನಲ್ಲಿ ಇಂಗ್ಲಿಷ್ ಮಾತಾಡ್ತಾರಲ್ಲ, ಆ ಅಕ್ಕೋರು ಯಾವಾಗ ಬರ್ತಾರೆ?"

ಗೇಲಿಯಲ್ಲ, ತುಂಟತನವಲ್ಲ. ಅದು ನಿಜವಾಗಿಯೂ ಕಾಯುತ್ತಿತ್ತು. ಬೇಗ ಬರ್ತಾರೆ ಮಗಾ, ಎಂದೆ. ಹಾಗೆಂದು ಹೇಳಿದವಳು ಸಂಜೆ ಮನೆಗೆ ಹೋಗದೆ ನೇರ ಜಯಪುರಕ್ಕೆ ಬಂದು, ಅಂಗಡಿಯ ಮುಂದೆ ಕಳ್ಳಿಯ ಹಾಗೆ ನಿಂತೆ. ಅಣ್ಣ ತಲೆಯೆತ್ತಿ ನೋಡಿ, ಸ್ಟೂಲನ್ನು ಕಾಲಿನಿಂದ ಈಚೆಗೆ ಸರಿಸಿದರು. ಕೂತೆ. ಕ್ಷಮಾಪಣೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ, ಒಂದೂ ಹೊರಡಲಿಲ್ಲ.

"ಗ್ರೂಪಲ್ಲಿ ಬಂದದ್ದನ್ನ ಯಾರೋ ಕೇಳಿಸಿದ್ರು," ಎಂದರು ಅಣ್ಣ. "ಯಾರತ್ರ ಜೋಡಿಸಿದ್ದು ಮಾರಾಯ್ರೆ? ನಾಲ್ಕು ಕಡೆ ಬೆಸುಗೆ ಬಿಟ್ಟಿದೆ. ನಾಚಿಕೆ ಆಗ್ತದೆ ಕೇಳ್ಲಿಕ್ಕೆ."

ಅಷ್ಟೇ ಅವರ ದೂರು. ನನಗೆ ನಗುವೂ ಬಂತು, ಅಳುವೂ ಬಂತು. ಆ ಹುಡುಗಿ ಕೇಳಿದ್ದನ್ನು ಹೇಳಿದೆ. ಅವರು ನಗಲಿಲ್ಲ. ನೋಟ್‌ಬುಕ್ಕು ಹುಡುಕಿ ತೆಗೆದು, ಧೂಳು ಒರೆಸಿ, "ಕಾಯ್ತಾ ಇದೆ ಅಲ್ದಾ ಕೂಸು. ಇವತ್ತಿನಿಂದ್ಲೇ ಕಳಿಸಿ" ಎಂದರು.

ಆಮೇಲೆ ಒಂದೂವರೆ ವರ್ಷ. ಹೆಚ್ಚು ಹೇಳಲಿಕ್ಕೇನೂ ಇಲ್ಲ, ದಿನಾ ಸಂಜೆ ನನ್ನದು ಹೋಗುತ್ತಿತ್ತು, ದಿನಾ ಬೆಳಿಗ್ಗೆ ನನ್ನದೇ ತಿರುಗಿ ಬರುತ್ತಿತ್ತು. ಮೊದಮೊದಲು ಪುಸ್ತಕದ ಪುಟ, ಆಮೇಲೆ ಪುಸ್ತಕವಿಲ್ಲದೆ ನಾನೇ ಹೇಳಿದ್ದು. ಇವತ್ತು ತರಗತಿಯಲ್ಲಿ ಏನಾಯಿತು, ಯಾರ ಹಲ್ಲು ಬಿತ್ತು, ಯಾರು ಯಾರ ಬಳಪ ಕದ್ದರು. ಕರೆಂಟು ಹೋದ ದಿನ ಮಾತ್ರ ಬರುತ್ತಿರಲಿಲ್ಲ. ನನಗೆ ಗೊತ್ತಿಲ್ಲದ ಹಾಗೆಯೇ ನಾಲಗೆ ತಿರುಗತೊಡಗಿತು. ಒಂದು ಬೆಳಿಗ್ಗೆ ಬಂದ ಆಡಿಯೋ ಕೇಳಿ ಅದರಲ್ಲಿ ಒಂದೂ ತೇಪೆ ಗೊತ್ತಾಗದೆ, ಈ ಸಲ ಬಹಳ ನುಣ್ಣಗೆ ಕತ್ತರಿ ಆಡಿಸಿದ್ದಾರೆ ಎಂದುಕೊಂಡೆ. ಸಂಜೆ ಹೋಗಿ ಹೊಗಳಿದರೆ ಅವರು ಹೆಡ್‌ಫೋನು ಗೋಡೆಯ ಮೊಳೆಗೆ ತಗುಲಿಸುತ್ತ, "ನಾನೆಂತೂ ಮಾಡ್ಲಿಲ್ಲ. ನೀವು ಕಳಿಸಿದ್ದನ್ನೇ ವಾಪಸ್ ಕಳಿಸಿದ್ದು. ಇನ್ನು ಕಳಿಸ್ಬೇಡಿ" ಎಂದರು. ಅಷ್ಟು ಸಂತೋಷ ನನಗೆ ಅದಕ್ಕೆ ಮುಂಚೆಯೂ ಆಗಿಲ್ಲ, ಆಮೇಲೂ ಆಗಿಲ್ಲ.

ಮುಂದೆ ಪರೀಕ್ಷೆ ಬರೆದು ಖಾಯಂ ಕೆಲಸ ಸಿಕ್ಕಿ ಈ ಊರಿಗೆ ನೇಮಕವಾಗಿ ಹೊರಡುವಾಗ ಸ್ವೀಟ್ ತೆಗೆದುಕೊಂಡು ಅಂಗಡಿಗೆ ಹೋಗಿದ್ದೆ. ಅವತ್ತು ಧೈರ್ಯ ಮಾಡಿ, ನಾನು ಅವತ್ತು ಆಡಿದ ಮಾತು ತಪ್ಪಾಯಿತು ಅಣ್ಣ, ಎಂದೆ. ಅವರು ಮೈಸೂರ್‌ಪಾಕಿನ ತುಂಡನ್ನು ಬಾಯಿಗಿಡದೆ ಪೊಟ್ಟಣಕ್ಕೇ ವಾಪಸ್ ಹಾಕಿದರು.

"ತಪ್ಪೆಂತ ಬಂತು. ನಿಜ ಅಲ್ದಾ. ಏಳನೇ ಕ್ಲಾಸಲ್ಲಿ ಒಂದ್ಸಲ ನಿಂತು ಓದಿದ್ದೆ. ಇಡೀ ಕ್ಲಾಸು ನಕ್ಕಿತು, ಮೇಷ್ಟ್ರೂ ನಕ್ಕರು. ನನ್ನ ಕಿವಿ ಸ್ವಲ್ಪ ಜೋರು ನೋಡಿ, ಅದು ಇನ್ನೂ ಕೇಳ್ತದೆ."

ಹಾಗಾದರೆ ಈಗ ನೀವು ಓದಿ ಕಳಿಸಿ, ನಾನು ನೋಡುತ್ತೇನೆ, ಎಂದೆ. ಅಯ್ಯೋ ಮುದುಕನಿಗೆ ಎಂತಕ್ಕೆ ಎಂದು ನಕ್ಕರು. ಆದರೂ ನಾನು ಬಸ್ಸು ಹತ್ತುವಾಗ ಅಂಗಡಿಯಿಂದ ಹೊರಗೆ ಬಂದು, "ಯಾವತ್ತಾದ್ರೂ ಬಾಯಿ ಬಿಡುವ ಅಂತ ಕಂಡ್ರೆ ಕಳಿಸ್ತೇನೆ, ನಗ್ಬಾರ್ದು" ಎಂದರು. ನಗುವುದಿಲ್ಲ ಎಂದು ಕಿಟಕಿಯಿಂದ ಕೂಗಿ ಹೇಳಿದೆ.

ನಗಲಿಲ್ಲ. ಆ ಮಾತು ಮಾತ್ರ ಉಳಿಸಿಕೊಂಡೆ.

ಹೊಸ ಶಾಲೆ, ಹೊಸ ಮಕ್ಕಳು. ನನ್ನ ಇಂಗ್ಲಿಷು ಚೆನ್ನಾಗಿದೆ ಎಂದು ಬೇರೆ ಶಿಕ್ಷಕರಿಗೆ ತರಬೇತಿ ಕೊಡಲು ನನ್ನನ್ನೇ ಕರೆಯತೊಡಗಿದ್ದರು. ದೊಡ್ಡ ಪಂಡಿತೆಯಾಗಿಬಿಟ್ಟಿದ್ದೆ. ಆರೇಳು ತಿಂಗಳಾಗಿರಬಹುದು, ಶೃಂಗೇರಿಯಲ್ಲಿ ಒಂದು ತರಬೇತಿ, ಊಟದ ಬಿಡುವು. ಕೈಯಲ್ಲಿ ತಟ್ಟೆ. ಅಷ್ಟರಲ್ಲಿ ಅಣ್ಣನ ಒಂದು ಆಡಿಯೋ ಬಂತು. ಒಂದು ನಿಮಿಷವೂ ಇರಲಿಲ್ಲ. ಓಹೋ, ಅಣ್ಣ ಬಾಯಿ ಬಿಟ್ಟರು ಎಂದು ಖುಷಿಯಿಂದಲೇ ಕಿವಿಗಿಟ್ಟುಕೊಂಡೆ. ಬೆಳಗಿನಿಂದ ಶಿಕ್ಷಕರ ತಪ್ಪುಗಳನ್ನು ಬೋರ್ಡಿನ ಮೇಲೆ ಬರೆದೂ ಬರೆದೂ ಕಿವಿ ಅದಕ್ಕೇ ಹದವಾಗಿತ್ತು. ಎರಡು ಸಲ ಕೇಳಿ, ಊಟ ಮುಗಿಯುವುದರೊಳಗೆ ಬೇಗ ಬೇಗ ಟೈಪ್ ಮಾಡಿ ಕಳಿಸಿದೆ. ಒಂದು, ಎರಡು, ಮೂರು, ನಾಲ್ಕು, ಐದು. ಐದು ತಪ್ಪು, ಪಕ್ಕದಲ್ಲಿ ಐದು ಸರಿ. ಕೊನೆಗೆ ಅಭ್ಯಾಸ ಮಾಡಿ ಅಣ್ಣ ಎಂದು ಒಂದು ಸಾಲು. ಉಪಕಾರ ಮಾಡಿದೆನೆಂದೇ ನನ್ನ ಲೆಕ್ಕ.

ಅವರಿಂದ ಹೆಬ್ಬೆರಳೆತ್ತಿದ ಚಿತ್ರ ಬಂತು. ಅಷ್ಟೇ. ಮತ್ತೆ ಯಾವ ಆಡಿಯೋವೂ ಬರಲಿಲ್ಲ. ನಾನೂ ಕೇಳಲಿಲ್ಲ. ಹಬ್ಬಕ್ಕೆ ದೀಪದ ಚಿತ್ರ ಕಳಿಸಿದರೆ ಅವರೂ ದೀಪದ ಚಿತ್ರ ಕಳಿಸುತ್ತಿದ್ದರು...

ಅದರ ಮುಂದಿನ ಚಳಿಗಾಲದಲ್ಲಿ ಜಯಪುರದ ಹಳೇ ಶಾಲೆಯಿಂದ, ಬಿಸಿಯೂಟ ಮಾಡುವ ಅಮ್ಮ ಫೋನು ಮಾಡಿ ಹೇಳಿದರು. ಅಣ್ಣ ಎದೆನೋವು ಎಂದರಂತೆ, ಮಣಿಪಾಲಕ್ಕೆ ಕರೆದುಕೊಂಡು ಹೊರಟರಂತೆ, ಆಗುಂಬೆ ಘಾಟಿ ಇಳಿಯುವ ಮೊದಲೇ ಹೋಗಿಬಿಟ್ಟರಂತೆ. ಅಂಗಡಿ ಇದ್ದಲ್ಲಿ ಈಗ ಬೇಕರಿ ಇದೆ. ನಾನು ಹನ್ನೊಂದನೇ ದಿನಕ್ಕೆ ಹೋಗಿ ಊಟ ಮಾಡಿ ಬಂದೆ. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು, "ನೀವೇ ಅಲ್ವಾ ಇಂಗ್ಲಿಷ್ ಅಕ್ಕೋರು, ನಿಮ್ಮ ದನಿ ನಮ್ಮನೇಲಿ ಎಲ್ರಿಗೂ ಬಾಯಿಪಾಠ" ಎಂದರು. ನಾನು ಆ ಕೈಯನ್ನು ಹಾಗೇ ಹಿಡಿದುಕೊಂಡಿದ್ದೆ.

ಮೊನ್ನೆ ಬಣ್ಣದವರು ಕೆಲಸ ಮುಗಿಸಿ ಹೋದರು, ಮಕ್ಕಳೂ ಹೋದವು. ಸಂಜೆ ನಾಲ್ಕೂವರೆ, ಐದು ಗಂಟೆ ಇರಬೇಕು. ಕಿಟಕಿಗಳೆಲ್ಲ ತೆರೆದಿದ್ದವು. ಒಂದನೇ ತರಗತಿಯ ಸಣ್ಣ ಬೆಂಚಿನ ಮೇಲೆ ಕೂತು ಫೋನಿನಲ್ಲಿ ಹುಡುಕಿ ಹುಡುಕಿ ಅಣ್ಣನ ಆ ಆಡಿಯೋ ತೆಗೆದೆ. ಇಷ್ಟು ವರ್ಷದಲ್ಲಿ ಅದನ್ನು ಮೂರನೇ ಸಲ ಕೇಳಿದ್ದು. ಮೊದಲಿಗೆ ಗಂಟಲು ಸರಿಮಾಡಿಕೊಳ್ಳುತ್ತಾರೆ. ಬೇರೆಯವರ ಕೆಮ್ಮನ್ನೆಲ್ಲ ಕತ್ತರಿಸಿದವರು ತಮ್ಮದನ್ನು ಹಾಗೇ ಬಿಟ್ಟಿದ್ದರು. ಆಮೇಲೆ ನಿಧಾನವಾಗಿ, ಒಂದೊಂದೇ ಮಾತಿನ ಮೇಲೆ ಕಾಲಿಟ್ಟು ನೋಡಿ ಮುಂದೆ ಹೋಗುವ ಹಾಗೆ, ತಮಗೊಂದು ಅಂಗಡಿ ಇದೆ ಎನ್ನುತ್ತಾರೆ. ಮಳೆಯಲ್ಲಿ ಫೋನುಗಳು ನೆನೆದು ಬರುತ್ತವೆ ಎನ್ನುತ್ತಾರೆ. ಹಿಂದೆ ಎಲ್ಲೋ ಬಸ್ಸಿನ ಹಾರನ್ನು ಕೇಳುತ್ತದೆ. ಒಂದು ಗಳಿಗೆ ನಿಲ್ಲಿಸುತ್ತಾರೆ. ಆಮೇಲೆ ಇಷ್ಟು:

"ಒನ್ ಟೀಚರ್ ಈಸ್ ಕಮ್ ಟು ಮೈ ಶಾಪ್. ಫಸ್ಟ್ ಡೇ, ಶಿ ಈಸ್ ಕ್ರೈಯಿಂಗ್. ನೌ, ಆಲ್ ಚಿಲ್ಡ್ರನ್ ಲಿಸನ್ ಹರ್. ಐ ಆಮ್ ವೆರಿ ವೆರಿ ಹ್ಯಾಪಿ."

ಇದನ್ನು ನಾನು ಶೃಂಗೇರಿಯಲ್ಲಿ ಎರಡು ಸಲ ಕೇಳಿದ್ದೆ. ಹುಟ್ಟಿದ ಮೇಲೆ ಎರಡನೇ ಸಲ ಇಂಗ್ಲಿಷಿಗೆ ಬಾಯಿ ತೆರೆದ ಮನುಷ್ಯ, ತೆರೆದದ್ದು ನನ್ನ ವಿಷಯ ಹೇಳಲಿಕ್ಕೆ. ನಾನು ಕಳಿಸಿದ ಮೆಸೇಜು ಅದರ ಕೆಳಗೇ ಇತ್ತು. ಆ ನಾಲ್ಕು ವಾಕ್ಯಗಳಿಗೆ ನಾನು ಕೊಟ್ಟ ಉತ್ತರ, ನನ್ನ ತಪ್ಪಿನ ಪಟ್ಟಿಯ ಮೂರು, ನಾಲ್ಕು, ಐದನೇ ನಂಬರು.